ಫೈಲು ಬೇರೆ, ಊರು ಬೇರೆ ಅಲ್ಲ

ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

'ಮಗಳು ಲಾ ಮುಗಿಸಿ ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಒಬ್ಬ ಸೀನಿಯರ್ ವಕೀಲರ ಹತ್ತಿರ ಜೂನಿಯರ್ ಆಗಿದ್ದಾಳೆ. ಭಾನುವಾರ ಬಂತೆಂದರೆ ಪೌರಕಾರ್ಮಿಕರ ಕಾಲೊನಿಗೆ ಹೋಗುತ್ತಾಳೆ. ಅರ್ಜಿ ಬರೆದುಕೊಡುವುದು, ಸಂಬಳ ಬಾಕಿ ವಿಚಾರ ಕೇಳುವುದು, ಹೆಂಗಸರನ್ನು ಕೂರಿಸಿಕೊಂಡು ಕಾನೂನು ಹೇಳುವುದು, ಇದೇ ಆಯ್ತು. ಸೀನಿಯರ್ ಕರೆದು, ವಕೀಲಿಕೆ ಮಾಡ್ತೀಯೋ ಸಮಾಜಸೇವೆ ಮಾಡ್ತೀಯೋ ಒಂದು ತೀರ್ಮಾನ ಮಾಡಿಕೋ ಎಂದರಂತೆ. ನನಗೂ ಅವರ ಮಾತು ಸರಿ ಅನ್ನಿಸುತ್ತದೆ. ಗಾಂಧೀಜಿಯವರೇ ಸಾರ್ವಜನಿಕ ಜೀವನಕ್ಕಾಗಿ ವಕೀಲಿ ಬಿಟ್ಟರಲ್ಲವೇ? ನೀವಾದರೂ ಅವಳಿಗೆ ಬುದ್ಧಿ ಹೇಳಿ.'

ಮೇಷ್ಟ್ರೇ, ಬುದ್ಧಿ ಹೇಳುತ್ತೇನೆ. ಆದರೆ ಮಗಳಿಗಲ್ಲ.

ಸೀನಿಯರ್ ಮಾತಿನಲ್ಲಿ ಏನೂ ಇಲ್ಲ ಅಂತಲ್ಲ. ನಂಬಿ ವಕಾಲತ್ತಿಗೆ ಸಹಿ ಹಾಕಿದ ಕಕ್ಷಿದಾರನ ಫೈಲು ಮೊದಲು. ವಕೀಲರು ಧರಣಿಯಲ್ಲಿ ಕೂತು ಇಲ್ಲಿ ಕೇಸಿಗೆ ವಾಯಿದೆ ಬಿದ್ದರೆ, ಹಳ್ಳಿಯಿಂದ ಕೂಲಿ ಬಿಟ್ಟು ಬಂದವನಿಗೆ ನಷ್ಟ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕೇಸನ್ನೇ ಏಣಿ ಮಾಡಿಕೊಂಡು ಚುನಾವಣೆಗೆ ಹತ್ತಿದವರನ್ನೂ ನಾವೆಲ್ಲ ನೋಡಿದ್ದೇವೆ. ಇಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಮಗಳು ಹೋಗುತ್ತಿರುವುದು ಭಾನುವಾರ. ಅವತ್ತು ಯಾವ ಕೋರ್ಟೂ ಇಲ್ಲ.

ಗಾಂಧೀಜಿ ವಿಚಾರ ಮೊದಲು ಮುಗಿಸೋಣ. ಅವರು ವಕೀಲಿ ಬಿಟ್ಟರು ನಿಜ, ಆದರೆ ಯಾವಾಗ? 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದರು. ಅದಾದ ಮೇಲೂ ವರ್ಷಗಟ್ಟಲೆ ಕೋರ್ಟಿಗೆ ಹೋಗುತ್ತಲೇ ಇದ್ದರು. ಪ್ರಾಕ್ಟೀಸ್ ಶುರುಮಾಡಿ ಕೆಲವೇ ತಿಂಗಳಾಗಿತ್ತು, ಬಾಲಸುಂದರಂ ಎಂಬ ತಮಿಳು ಜೀತದಾಳು ಬಂದ. ಮಾಲೀಕ ಹೊಡೆದು ಹಲ್ಲು ಮುರಿದಿದ್ದ, ಬಾಯಿಂದ ರಕ್ತ ಸುರಿಯುತ್ತಿತ್ತು. ಗಾಂಧಿ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದು ಸರ್ಟಿಫಿಕೇಟ್ ತೆಗೆದುಕೊಂಡರು, ನೇರ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಕೊನೆಗೆ ಆ ಮಾಲೀಕನಿಂದ ಬಿಡಿಸಿ ಬೇರೆ ಕಡೆ ಕೆಲಸಕ್ಕೆ ಸೇರಿಸಿದರು. ಸುದ್ದಿ ಜೀತದಾಳುಗಳ ನಡುವೆ ಹಬ್ಬಿತು. ನಮ್ಮ ಪರ ಒಬ್ಬ ವಕೀಲ ಇದ್ದಾನೆ ಎಂದು ಅವರು ಬರತೊಡಗಿದರು. ಮುಂದೆ ಗಾಂಧಿ ಕಟ್ಟಿದ ಚಳವಳಿಗೆ ಜನ ಸಿಕ್ಕಿದ್ದು ಇಂಥ ಕೇಸುಗಳಿಂದಲೇ, ಮೇಷ್ಟ್ರೇ.

ದೂರ ಯಾಕೆ, ನಮ್ಮ ಮಂಗಳೂರನ್ನೇ ನೋಡಿ. ಕುದ್ಮುಲ್ ರಂಗರಾಯರು 1859ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು, ಮಂಗಳೂರಿಗೆ ಬಂದು ಮೊದಲು ನಿಮ್ಮ ಹಾಗೆ ಮೇಷ್ಟ್ರಾದರು, ಆಮೇಲೆ ಪರೀಕ್ಷೆ ಕಟ್ಟಿ ವಕೀಲರಾದರು. ಬಡವರ ವಕೀಲರು ಎಂದೇ ಹೆಸರಾಯಿತು. ಕೋರ್ಟಿಗೆ ಬರುವ ಬಡವರ ಕಷ್ಟ ಕೋರ್ಟಿನಲ್ಲೇ ಮುಗಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮನೆ ಕಟ್ಟಿಸಿಕೊಟ್ಟರು, ಕೈಕಸುಬು ಕಲಿಸಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಜಗ್ಗಲಿಲ್ಲ. ತನ್ನ ಶಾಲೆಯಲ್ಲಿ ಕಲಿತ ಹುಡುಗ ದೊಡ್ಡ ಅಧಿಕಾರಿಯಾಗಿ ಇದೇ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದನ್ನು ದಕ್ಷಿಣ ಕನ್ನಡದಲ್ಲಿ ಈಗಲೂ ಹೇಳುತ್ತಾರೆ. 1928ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ದಲಿತರೇ ಹೆಗಲು ಕೊಟ್ಟರು. ಅವರ ಮಗಳು ರಾಧಾಬಾಯಿ ಸುಬ್ಬರಾಯನ್ ಮುಂದೆ ದೇಶ ಬಲ್ಲ ಹೆಣ್ಣುಮಗಳಾದರು. ಮಗಳ ಭವಿಷ್ಯದ ಚಿಂತೆಯಲ್ಲಿರುವ ನೀವು ಇದನ್ನೂ ಗಮನಿಸಬೇಕು.

ಅದೇ ಊರಿನ ಇನ್ನೊಬ್ಬ ವಕೀಲರು ಕಾರ್ನಾಡ್ ಸದಾಶಿವರಾಯರು. ಹೆಂಡತಿ ಶಾಂತಾಬಾಯಿ ಜೊತೆ ಸೇರಿ ಹೆಂಗಸರಿಗಾಗಿ ಮಹಿಳಾ ಸಭಾ ಕಟ್ಟಿದರು. ಇದ್ದ ಆಸ್ತಿಯನ್ನೆಲ್ಲ ಸ್ವಾತಂತ್ರ್ಯ ಚಳವಳಿಗೆ ಸುರಿದು, 1937ರಲ್ಲಿ ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡರು. ಮಂಗಳೂರಿನ ಕೆ.ಎಸ್. ರಾವ್ ರಸ್ತೆ ಅವರದೇ ಹೆಸರು, ಬೆಂಗಳೂರಿನ ಸದಾಶಿವನಗರವೂ ಅವರದೇ. ಅಲ್ಲಿ ಮನೆ ಮಾಡಿರುವ ಎಷ್ಟು ಮಂದಿಗೆ ಇದು ಗೊತ್ತು?

ಈಗ ನನಗೆ ತುಂಬಾ ಹತ್ತಿರವಾದ ಉದಾಹರಣೆಗೆ ಬರುತ್ತೇನೆ. ಮಹಾರಾಷ್ಟ್ರದ ಮಹಾಡ್ ಪಟ್ಟಣ. ಅಂಬೇಡ್ಕರ್ 1923ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ವಕೀಲಿ ಶುರುಮಾಡಿದ್ದರು. ಕೇಸು ಸಿಗುವುದೇ ಕಷ್ಟವಾಗಿದ್ದ ಕಾಲ. 1927ರ ಮಾರ್ಚ್ 20ರಂದು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ, ದಲಿತರು ಮುಟ್ಟಬಾರದು ಎಂದಿದ್ದ ಅಲ್ಲಿನ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು 108 ಗಡಿಗೆ ನೀರು ಎತ್ತಿ, ಹಾಲು, ಮೊಸರು, ಸೆಗಣಿ, ಗಂಜಲ ಹಾಕಿ ಕೆರೆಯನ್ನು 'ಶುದ್ಧ' ಮಾಡಿದರು. ಇದೆಲ್ಲ ಪಠ್ಯಪುಸ್ತಕದಲ್ಲಿ ಬರುತ್ತದೆ. ಮುಂದಿನ ಭಾಗ ಬರುವುದು ಕಡಿಮೆ.

ಡಿಸೆಂಬರಿನಲ್ಲಿ ಎರಡನೇ ಸಲ ಸತ್ಯಾಗ್ರಹ ಅಂತ ತೀರ್ಮಾನವಾಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಸವರ್ಣೀಯರು ಸಿವಿಲ್ ದಾವೆ ಹಾಕಿ ತಡೆಯಾಜ್ಞೆ ತಂದರು. ಮೊದಲ ಪ್ರತಿವಾದಿ ಅಂಬೇಡ್ಕರ್. ಜನ ಸೇರಿದ್ದಾರೆ, ಜೈಲಿಗೆ ಹೋಗಲೂ ತಯಾರಾಗಿದ್ದಾರೆ. ಬರೀ ನಾಯಕನಾಗಿದ್ದರೆ ನುಗ್ಗಿ ಎನ್ನುತ್ತಿದ್ದರು. ಬರೀ ವಕೀಲನಾಗಿದ್ದರೆ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅಂಬೇಡ್ಕರ್ ಬಂದರು, ಮನುಸ್ಮೃತಿಯನ್ನು ಸುಡುವ ಸಭೆ ನಡೆಯಿತು, ಆದರೆ ಕೆರೆಗೆ ಇಳಿಯುವುದನ್ನು ಮುಂದೂಡಲು ಜನರನ್ನು ಒಪ್ಪಿಸಿದರು. ಜನ ಒಪ್ಪಿದ್ದು ಹೇಳಿದವರು ತಮ್ಮವರು ಎಂಬ ಕಾರಣಕ್ಕೆ. ಆಮೇಲೆ ಸುಮಾರು ಹತ್ತು ವರ್ಷ ಕೋರ್ಟಿನ ದಾರಿ. ತಡೆಯಾಜ್ಞೆ ತೆರವಾಯಿತು, ದಾವೆ ವಜಾ ಆಯಿತು, ಮೇಲ್ಮನವಿ ವಜಾ ಆಯಿತು. ದಲಿತರನ್ನು ಕೆರೆಯಿಂದ ದೂರ ಇಡುವುದು ಅನಾದಿಯಿಂದ ಬಂದ ರೂಢಿ ಎಂದು ವಾದಿಗಳು ಹೇಳುತ್ತಲೇ ಬಂದರು. ಕೆರೆ ಪುರಸಭೆಯದು, ಮುಸ್ಲಿಮರೂ ಅದೇ ನೀರು ಬಳಸುತ್ತಿದ್ದರು. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟ್, ಆ ರೂಢಿ ಸಾಬೀತಾಗಿಲ್ಲ ಎಂದು ತೀರ್ಪು ಕೊಟ್ಟಿತು. ಪೀಠದಲ್ಲಿದ್ದ ಬ್ರೂಮ್‌ಫೀಲ್ಡ್ ಅವರೇ 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಟ್ಟಿದ್ದ ನ್ಯಾಯಾಧೀಶರು. ಕೆರೆಯ ದಂಡೆ, ಕೋರ್ಟಿನ ಕಟಕಟೆ ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಅಂಬೇಡ್ಕರ್‌ಗೆ ಒಬ್ಬ ಸೀನಿಯರ್ ಹೇಳಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಅವರೆಲ್ಲ ಮಹಾತ್ಮರು, ನನ್ನ ಮಗಳು ಸಾಮಾನ್ಯಳು ಅಂತ ನೀವು ಹೇಳಬಹುದು. ಸರಿ, ಸಾಮಾನ್ಯ ವಕೀಲರ ಮಾತನ್ನೇ ಆಡೋಣ. ನನಗೆ ಪರಿಚಯವಿದ್ದ ಒಬ್ಬರು ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುತ್ತಿದ್ದರು. ಸಂಜೆ ಹೊತ್ತು ಹಳ್ಳಿಗಳಿಗೆ ಹೋಗಿ ಕೂಲಿಯವರ ಸಂಘದಲ್ಲಿ ಕೂರುತ್ತಿದ್ದರು. ಒಂದು ಜಮೀನಿನ ಕೇಸಿನಲ್ಲಿ ಅವರ ಕಡೆ ಸಾಕ್ಷಿ ಒಬ್ಬ ಅಜ್ಜಿ. ಪಾಟೀ ಸವಾಲಿನಲ್ಲಿ ಎದುರು ವಕೀಲರು ಬೇಲಿ ಹಾಕಿದ್ದು ಯಾವ ಇಸವಿ ಎಂದು ಕೇಳಿ ಕೇಳಿ ಹಣಿದುಬಿಟ್ಟರು. ಇಸವಿ ಗೊತ್ತಿಲ್ಲ ಸ್ವಾಮಿ, ಗೊತ್ತಿಲ್ಲ ಸ್ವಾಮಿ. ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಕೋರ್ಟಿನಲ್ಲಿದ್ದ ಎಲ್ಲರೂ ಸಾಕ್ಷಿ ಬಿದ್ದುಹೋಯಿತು ಅಂದುಕೊಂಡರು. ಮರುವಿಚಾರಣೆಗೆ ಇವರು ಎದ್ದು ಒಂದೇ ಪ್ರಶ್ನೆ ಕೇಳಿದರು: 'ಅಜ್ಜಿ, ನಿಮ್ಮ ಮನೇಲಿ ಕಾಲ ಹೇಗೆ ಲೆಕ್ಕ ಇಡ್ತೀರಿ, ಅದೇ ಲೆಕ್ಕದಲ್ಲಿ ಹೇಳಿ.' ಅಜ್ಜಿ ತಟ್ಟನೆ, 'ಕೆರೆ ಕೋಡಿ ಬಿದ್ದ ವರ್ಷ, ಕಿರಿಮಗಳು ಬಾಣಂತನಕ್ಕೆ ಬಂದಿದ್ಲು, ಮಾಗಿ ಚಳಿ' ಎಂದಳು. ಆ ಮಗಳ ಕೂಸಿನ ಶಾಲೆ ದಾಖಲೆಯಲ್ಲಿ ಹುಟ್ಟಿದ ತಾರೀಖು ಇತ್ತು. ಆ ಪ್ರಶ್ನೆ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಮೇಷ್ಟ್ರೇ. ಸಂಜೆ ಹೊತ್ತು ಅವರ ಜಗಲಿಯಲ್ಲಿ ಕೂತವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಇನ್ನು ಸೀನಿಯರ್ ಅವರು ಇದನ್ನು ವಕೀಲಿಕೆಯ ಹೊರಗಿನ ಕೆಲಸ ಎನ್ನುತ್ತಿದ್ದಾರಲ್ಲ, ಅವರಿಗೆ ಭಾರತೀಯ ವಕೀಲರ ಪರಿಷತ್ತಿನ 46ನೇ ನಿಯಮ ಓದಲು ಹೇಳಿ. ಶಕ್ತಿ ಇದ್ದಷ್ಟು ಬಡವರಿಗೆ, ದಮನಕ್ಕೆ ಒಳಗಾದವರಿಗೆ ಉಚಿತವಾಗಿ ನೆರವಾಗುವುದು ವಕೀಲರು ಸಮಾಜಕ್ಕೆ ಸಲ್ಲಿಸಬೇಕಾದ ಅತಿ ದೊಡ್ಡ ಕರ್ತವ್ಯಗಳಲ್ಲಿ ಒಂದು ಎಂದು ಅಲ್ಲೇ ಇದೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂದದ್ದು 1987ರಲ್ಲಿ. ಅದರ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ನಿಮ್ಮ ಊರಿನ ಆ ಕಾಲೊನಿಯಲ್ಲಿ ಎಷ್ಟು ಹೆಂಗಸರಿಗೆ ಇದು ಗೊತ್ತಿತ್ತು, ನಿಮ್ಮ ಮಗಳು ಹೋಗಿ ಹೇಳುವ ಮೊದಲು?

ನನಗೆ ಬೇಜಾರಾಗುವುದು ಇಲ್ಲೇ. ನವೆಂಬರ್ 9ಕ್ಕೆ ಕಾನೂನು ಸೇವೆಗಳ ದಿನ, ಡಿಸೆಂಬರ್ 3ಕ್ಕೆ ವಕೀಲರ ದಿನ. ಬ್ಯಾನರ್ ಕಟ್ಟುತ್ತಾರೆ, ಅಂಬೇಡ್ಕರ್ ಫೋಟೋಗೆ ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ. ಮಾರನೇ ದಿನ ಅದೇ ಕೋರ್ಟಿನ ಮರದ ಕೆಳಗೆ ಕೂತ ರೈತ 'ಏನಾಯ್ತು ಸಾರ್' ಅಂತ ಕೇಳಿದರೆ 'ಮುಂದಿನ ತಿಂಗಳು ಬಾ' ಅನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ. ಆದೇಶ ಇಂಗ್ಲಿಷಿನಲ್ಲಿದ್ದರೆ ಅದನ್ನು ಎರಡು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳುವ ಪುರುಸೊತ್ತಿಲ್ಲ. ಮೊದಲು ಊರಿನ ವಾಚನಾಲಯ, ಹಾಸ್ಟೆಲು, ಸಹಕಾರಿ ಸಂಘ, ಏನೇ ಶುರುವಾದರೂ ಅದರಲ್ಲಿ ಒಬ್ಬ ವಕೀಲರ ಕೈ ಇರುತ್ತಿತ್ತು. ಹಿಂದುಳಿದ ವರ್ಗಗಳಿಗೆ ದಾರಿ ತೆರೆದ 1975ರ ಹಾವನೂರು ವರದಿ ಬರೆದ ಎಲ್.ಜಿ. ಹಾವನೂರರೂ ವಕೀಲರೇ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ ಬಿ. ಬಸವಲಿಂಗಪ್ಪನವರೂ ವಕೀಲರೇ.

ಇನ್ನೊಂದು ವಿಷಯ. ಎಷ್ಟೋ ಸೀನಿಯರ್‌ಗಳು ಜೂನಿಯರ್‌ಗಳಿಗೆ ಕೊಡುವ ದುಡ್ಡು ಬಸ್ ಚಾರ್ಜಿಗೂ ಸಾಲುವುದಿಲ್ಲ. ಮನೆಯಲ್ಲಿ ಅನುಕೂಲ ಇದ್ದವರು ನಿಲ್ಲುತ್ತಾರೆ. ಕಾಲೊನಿಯಿಂದಲೇ ಓದಿ ಬಂದ ಹುಡುಗ ಹುಡುಗಿಯರು ಎರಡು ವರ್ಷ ತಡೆದು ಬೇರೆ ನೌಕರಿ ಹುಡುಕಿಕೊಂಡು ಹೋಗುತ್ತಾರೆ. ಜನರ ಕಷ್ಟ ಚೆನ್ನಾಗಿ ಗೊತ್ತಿದ್ದವರೇ ಹೀಗೆ ಕೋರ್ಟಿನಿಂದ ಹೊರಗೆ ಬೀಳುತ್ತಿದ್ದಾರೆ. ಮಗಳ ಸೀನಿಯರ್ ಹತ್ತಿರ ಮಾತಾಡಲೇಬೇಕು ಅಂತಿದ್ದರೆ, ಭಾನುವಾರದ ಬಗ್ಗೆ ಬೇಡ, ಸಂಬಳದ ಬಗ್ಗೆ ಮಾತಾಡಿ.

ಮಗಳು ಇದುವರೆಗೆ ಯಾವ ಯಾವ ಅರ್ಜಿ ಬರೆದುಕೊಟ್ಟಳು, ಯಾವುದಕ್ಕೆ ಉತ್ತರ ಬಂತು, ಯಾವುದು ಇನ್ನೂ ಮೇಜಿನ ಮೇಲೆ ಕೂತಿದೆ ಎಂಬುದನ್ನು ಜನರ ಹೆಸರು ಬಿಟ್ಟು ನಮಗೆ ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅವಳಿಗೆ ಇಟ್ಟಿರುತ್ತೇನೆ.

-ಸಂ.