ಬಾಸ್ಕ್ ನಮ್ಮ ನೆಂಟ ಅಲ್ಲ, ಬಿಟ್ಟುಬಿಡಿ

ಪ್ರಶ್ನೆ: ಆರ್ಯ ಭಾಷೆಗಳು ಬರುವ ಮೊದಲು ಯುರೋಪಿನಲ್ಲಿ ಇದ್ದವರು ದ್ರಾವಿಡರಂತೆ, ಹೌದಾ? ಸ್ಪೇನ್-ಫ್ರಾನ್ಸ್ ಗಡಿಯಲ್ಲಿ ಈಗಲೂ ಉಳಿದಿರುವ ಬಾಸ್ಕ್ ಭಾಷೆಯಲ್ಲಿ ತಾಯಿಗೆ ‘ಅಮ’ ಅಂತಾರೆ. ವಿಭಕ್ತಿಗಳೂ ಕನ್ನಡದ ಹಾಗೇ ಇವೆ.

ಈ ಪ್ರಶ್ನೆ ನನಗೆ ಹೆಚ್ಚುಕಮ್ಮಿ ಪ್ರತಿ ತಿಂಗಳೂ ಬರುತ್ತದೆ, ಜೊತೆಗೊಂದು ವಿಡಿಯೋ ಲಿಂಕ್. ಈ ಸಲ ಪೂರ್ತಿ ಬರೆದು ಕೈತೊಳೆದುಕೊಳ್ಳುತ್ತೇನೆ.

‘ಅಮ’ ನಿಜ. ಆದರೆ ಹಾಲು ಕುಡಿಯುವ ಮಗುವಿನ ಬಾಯಿಗೆ ‘ಮ’ ಸುಲಭ, ಯಾವ ದೇಶದಲ್ಲಾದರೂ ಸರಿ. ಜಾರ್ಜಿಯಾದವರ ಮಾತಿನಲ್ಲಿ ‘ಮಾಮ’ ಅಂದರೆ ಅಪ್ಪ, ‘ದೆದ’ ಅಂದರೆ ಅಮ್ಮ. ಅದರಿಂದ ಯಾವ ನಂಟು ಹುಡುಕುತ್ತೀರಿ?

ವಿಭಕ್ತಿಗೆ ಬನ್ನಿ. ಬಾಸ್ಕಿನಲ್ಲಿ ‘ಎಚೆ’ ಅಂದರೆ ಮನೆ. ‘ಎಚೆಯನ್’ ಮನೆಯಲ್ಲಿ, ‘ಎಚೆತಿಕ್’ ಮನೆಯಿಂದ, ‘ಎಚೆರ’ ಮನೆಗೆ. ಮೊದಲ ಸಲ ನೋಡಿದಾಗ ನನಗೂ ಮೈ ಜುಂ ಅಂದಿತ್ತು. ಆದರೆ ತುರ್ಕಿ, ಫಿನ್ನಿಷ್ ಕೂಡ ಹೀಗೇ ಬಾಲ ಅಂಟಿಸುತ್ತವೆ. ಸ್ವಲ್ಪ ಒಳಗೆ ಹೋಗಿ ನೋಡಿ. ‘ಗಂಡಸು ಬಂದ’ ಅನ್ನುವಾಗ ಅವರಿಗೆ ಗಂಡಸು ‘ಗಿಸೊನ’. ‘ಗಂಡಸು ರೊಟ್ಟಿ ತಿಂದ’ ಅನ್ನುವಾಗ ‘ಗಿಸೊನಕ್’. ಕರ್ಮ ಇದ್ದರೆ ಕರ್ತೃವಿಗೇ ಒಂದು ಬಾಲ! ಕನ್ನಡದಲ್ಲಿ ಇದೆಲ್ಲಿದೆ? ಎಣಿಕೆಯೂ ಬೇರೆ. 20 ‘ಹೊಗೆಯ್’, 40 ‘ಬೆರ್ರೊಗೆಯ್’, ಅಂದರೆ ಎರಡು ಇಪ್ಪತ್ತು.

ಒಬ್ಬರು ‘ಎರ್ರೆಗೆ’ ಅಂದರೆ ನಮ್ಮ ‘ಅರಸ’ ಎಂದು ಪಟ್ಟಿ ಕಳಿಸಿದ್ದಾರೆ. ಸ್ವಾಮಿ, ಅದು ಲ್ಯಾಟಿನ್‌ನಿಂದ ತಂದ ಸಾಲ. ಬಾಸ್ಕ್ ಪದಗಳು ‘ರ’ದಿಂದ ಶುರುವಾಗುವುದಿಲ್ಲ, ಹಾಗಾಗಿ ‘ರೆಗೆ’ಗೆ ಮುಂದೊಂದು ‘ಎ’ ಸೇರಿಕೊಂಡಿತು, ಅಷ್ಟೇ.

ನಿಜವಾದ ನಂಟು ಹೇಗಿರುತ್ತದೆ ಗೊತ್ತಾ? ತಮಿಳಿನಲ್ಲಿ ಪಾಲ್, ಪುಲಿ, ಪಲ್. ನಮ್ಮಲ್ಲಿ ಹಾಲು, ಹುಲಿ, ಹಲ್ಲು. ಹಳಗನ್ನಡದಲ್ಲಿ ನಮ್ಮದೂ ‘ಪ’ವೇ ಆಗಿತ್ತು. ಒಂದೇ ನಿಯಮ ಸಾಲುಸಾಲು ಪದಗಳಿಗೆ ಹೊಂದುತ್ತದೆ. ಬಾಸ್ಕಿಗೂ ಕನ್ನಡಕ್ಕೂ ಇಂಥ ಒಂದು ಸಾಲು ತೋರಿಸಿ, ಆಮೇಲೆ ಮಾತಾಡೋಣ.

ಹಾಗಾದರೆ ಅಲ್ಲಿ ಇದ್ದವರು ಯಾರು? ಮೊದಲು ಬೇಟೆಗಾರರು. ಸುಮಾರು 8,500 ವರ್ಷಗಳ ಹಿಂದೆ ಈಗಿನ ಟರ್ಕಿಯ ಕಡೆಯಿಂದ ಬೇಸಾಯಗಾರರು ಬಂದರು. ಸುಮಾರು 5,000 ವರ್ಷಗಳ ಹಿಂದೆ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ದನಗಾಹಿಗಳು. ನೀವು ‘ಆರ್ಯ’ ಅನ್ನುವ ಇಂಡೋ-ಯುರೋಪಿಯನ್ ಭಾಷೆಗಳನ್ನು (ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಎಲ್ಲ ಸೇರುವ ಕುಟುಂಬ) ಯುರೋಪಿನ ಬಹುಪಾಲಿಗೆ ತಂದವರು ಇವರೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಬಾಸ್ಕ್ ಅದಕ್ಕೂ ಹಿಂದಿನದು. ಆದರೆ ಅದರ ಹಳೆಯ ಕುರುಹು ಸಿಗುವುದು ಹೆಚ್ಚಾಗಿ ಫ್ರಾನ್ಸಿನ ನೈಋತ್ಯದಲ್ಲಿ, ರೋಮನ್ ಕಾಲದ ಕಲ್ಲುಗಳ ಮೇಲಿನ ಹೆಸರುಗಳಲ್ಲಿ. ‘ನೆಸ್ಕತೊ’ ಅಂತ ಒಂದು ಹೆಸರಿದೆ. ಇವತ್ತಿಗೂ ಬಾಸ್ಕಿನಲ್ಲಿ ಅದರರ್ಥ ಹುಡುಗಿ. ಅಲ್ಲಿಂದ ಹಿಂದಿನ ಸಾವಿರಾರು ವರ್ಷ ಬರಹವೇ ಇಲ್ಲ. ಆ ಖಾಲಿ ಜಾಗದಲ್ಲಿ ಕನ್ನಡವನ್ನು ಕೂರಿಸಲು ನಾನು ತಯಾರಿಲ್ಲ. ಅಂದಹಾಗೆ, ಬಾಸ್ಕರ ಡಿಎನ್‌ಎಯಲ್ಲೂ ದನಗಾಹಿಗಳ ಪಾಲಿದೆ ಎಂದು 2019ರ ಅಧ್ಯಯನ ತೋರಿಸಿತು. ಬಂದವರ ಜೊತೆ ಬೆರೆತರೂ ಮಾತು ಮಾತ್ರ ಬಿಡಲಿಲ್ಲ.

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಕಲ್ಲುಗಳ ವೃತ್ತ ಸ್ಟೋನ್‌ಹೆಂಜ್ ಕಟ್ಟಿದವರು ಕೆಲ್ಟ್ ಜನರ ಡ್ರೂಯಿಡ್ ಪುರೋಹಿತರಾ?

ಅಲ್ಲ. ಡ್ರೂಯಿಡರ ಹೆಸರು ಕೇಳಿಬರುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ಆ ಕಲ್ಲುಗಳು ನಿಂತಿದ್ದವು.

ಪ್ರಶ್ನೆ: ಮೂಲ ಯುರೋಪಿಯನ್ನರು ಬಿಳಿ ಬಣ್ಣದವರೇ ಅಲ್ವಾ?

ಇಂಗ್ಲೆಂಡಿನ ಚೆಡ್ಡರ್ ಗವಿಯಲ್ಲಿ 1903ರಲ್ಲಿ ಸಿಕ್ಕಿದ, ಸುಮಾರು 10,000 ವರ್ಷ ಹಳೆಯ ಬೇಟೆಗಾರನ ಡಿಎನ್‌ಎ ಪ್ರಕಾರ ಅವನು ಕಪ್ಪು ಮೈಯವನಾಗಿದ್ದ ಸಾಧ್ಯತೆಯೇ ಜಾಸ್ತಿ.

ಪ್ರಶ್ನೆ: ದನಗಾಹಿಗಳು ಬರುವ ತನಕ ಅಲ್ಲಿ ಯುದ್ಧವೇ ಇರಲಿಲ್ಲ, ಎಲ್ಲರೂ ಮಾತೃದೇವತೆಯ ಮಡಿಲಲ್ಲಿ ಶಾಂತಿಯಿಂದ ಇದ್ದರಂತೆ?

ಜರ್ಮನಿಯ ತಾಲ್‌ಹೈಮ್‌ನಲ್ಲಿ ಸುಮಾರು 7,000 ವರ್ಷ ಹಳೆಯ ಒಂದು ಗುಂಡಿ ಸಿಕ್ಕಿದೆ. ಅದರಲ್ಲಿ 34 ಬೇಸಾಯಗಾರರ ಅಸ್ಥಿಗಳಿದ್ದವು, 16 ಮಕ್ಕಳದ್ದು. ತಲೆಬುರುಡೆಗಳ ತೂತುಗಳು ಕಲ್ಲಿನ ಬಾಚಿಯ ಅಂಚಿಗೆ ಸರಿಹೊಂದುತ್ತವೆ. ಆ ಬಾಚಿ ಬೇಸಾಯಗಾರರದ್ದೇ. ದನಗಾಹಿಗಳು ಬರಲು ಇನ್ನೂ ಎರಡು ಸಾವಿರ ವರ್ಷ ಇತ್ತು.