ಓದುಗರ ಪ್ರಶ್ನೆ: ಓಡುವ ಕಳ್ಳನ ಮೇಲೆ ಗುಂಡು ಹಾರಿಸಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ತೋಟದ ನಡುವೆ ನಮ್ಮದು ಒಂಟಿ ಮನೆ. ಕಳೆದ ಕೊಯ್ಲಿನಲ್ಲಿ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ರಾತ್ರಿ ಯಾರೋ ಚೀಲಕ್ಕೆ ತುಂಬಿಕೊಂಡು ಹೋದರು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಮನೆಯಲ್ಲಿದೆ. ಮತ್ತೆ ಬಂದರೆ ಗುಂಡು ಹಾರಿಸುವುದು ತಪ್ಪೇ?
– ಹೆಸರು ಬೇಡ

ಉತ್ತರ: ಚೀಲ ಹೊತ್ತು ತೋಟದೊಳಗೆ ಓಡುತ್ತಿರುವವನ ಬೆನ್ನಿಗೆ ಹಾರಿಸಿದರೆ ತಪ್ಪು, ಕಾನೂನಿನ ಕಣ್ಣಿಗೂ, ನನ್ನ ಕಣ್ಣಿಗೂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮಿನ ಪ್ರಕಾರ, ಸ್ವತ್ತನ್ನು ಉಳಿಸಿಕೊಳ್ಳಲು ಪ್ರಾಣ ತೆಗೆಯುವ ಹಕ್ಕು ದರೋಡೆ, ಸೂರ್ಯಾಸ್ತದ ನಂತರದ ಕನ್ನಗಳವು, ವಾಸದ ಮನೆಗೆ ಬೆಂಕಿ ಹಚ್ಚುವುದು ಮುಂತಾದ ಕೆಲವೇ ಸಂದರ್ಭಗಳಿಗೆ ಸೀಮಿತವಾಗಿದೆ. ಅಂಗಳದ ಅಡಿಕೆ ಹೊತ್ತೊಯ್ಯುವುದು ಬರೀ ಕಳವು. ಅದನ್ನು ತಡೆಯದಿದ್ದರೆ ಸಾವೋ ತೀವ್ರ ಗಾಯವೋ ಆದೀತೆಂಬ ಸಕಾರಣ ಭಯವಿದ್ದರೆ ಮಾತ್ರ ಅದೂ ಆ ಸಾಲಿಗೆ ಸೇರುತ್ತದೆ.

ಅವನೇ ಕತ್ತಿ ಎತ್ತಿಕೊಂಡು ನಿಮ್ಮತ್ತ ತಿರುಗಿದರೆ ಮಾತು ಬೇರೆ. ಆಗ ಮೊದಲ ಏಟು ಬೀಳುವವರೆಗೂ ಕಾಯಬೇಕೆಂದು ಯಾರೂ ಹೇಳುವುದಿಲ್ಲ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ, ತಂದೆಯ ಮೇಲೆ ಹರಿತವಾದ ಆಯುಧದ ಏಟು ಬಿದ್ದುದನ್ನು ಕಂಡು ಗುಂಡು ಹಾರಿಸಿದ ಮಗನಿಗೆ ಹೈಕೋರ್ಟ್ ಶಿಕ್ಷೆ ವಿಧಿಸಿದ್ದರೂ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಪ್ರಾಣಭಯದಲ್ಲಿರುವವನು ತನ್ನ ಪ್ರತಿರೋಧವನ್ನು ಗುಲಗಂಜಿ ಲೆಕ್ಕದಲ್ಲಿ ತೂಗಿ ನೋಡಲಾರ ಎಂಬ ವಿವೇಕ ನಮ್ಮ ನ್ಯಾಯಾಲಯಗಳಿಗೆ ಬಹುಕಾಲದಿಂದ ಇದೆ. ಆದರೆ ಅದೇ ತೀರ್ಪು ಈ ಹಕ್ಕು ಸೇಡಿಗಾಗಿ ಇರುವುದಲ್ಲವೆಂದೂ, ಅಪಾಯದ ಭಯ ಇರುವಷ್ಟು ಹೊತ್ತು ಮಾತ್ರ ಅದು ಉಳಿಯುತ್ತದೆಂದೂ ಹೇಳುತ್ತದೆ. ಕತ್ತಿ ಕೆಳಗೆ ಬಿದ್ದ ಮೇಲೆ ಹಾರಿಸಿದ ಎರಡನೆಯ ಗುಂಡಿಗೆ ಮೊದಲನೆಯದರ ಸಮರ್ಥನೆ ಸಿಗುವುದಿಲ್ಲ.

ನೀತಿಯ ಪ್ರಶ್ನೆಯೂ ನನಗೆ ಇಲ್ಲಿಯೇ ಕಾಣುತ್ತದೆ. ಎದುರಿಗಿರುವವನು ಕೆಟ್ಟವನೆಂಬುದು ಕೊಲ್ಲಲು ಕಾರಣವಾಗದು. ಆ ಕ್ಷಣದಲ್ಲಿ ಬೇರೆ ಯಾವ ದಾರಿಯಿಂದಲೂ ಜೀವ ಉಳಿಯದು ಎಂಬುದಷ್ಟೇ ಕಾರಣವಾಗಬಹುದು. ವರ್ಷವಿಡೀ ಮದ್ದು ಹೊಡೆದು, ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಗಾಗಿ ಅಲೆದು ಒಣಗಿಸಿದ ಅಡಿಕೆ ಹೋದಾಗಿನ ಸಂಕಟ ಸಣ್ಣದೆಂದು ನಾನು ಹೇಳಲಾರೆ. ಆದರೂ ಕಳವಿಗೆ ನ್ಯಾಯಾಲಯ ಕೂಡ ಗಲ್ಲು ವಿಧಿಸುವುದಿಲ್ಲ. ಆ ಶಿಕ್ಷೆಯನ್ನು ಜಗಲಿಯ ಮೇಲೆ ನಿಂತು, ಕತ್ತಲಲ್ಲಿ, ಮುಖವನ್ನೂ ನೋಡದೆ ನೀವು ಕೊಟ್ಟಂತಾಗುತ್ತದೆ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಕೋವಿಯ ಗೋಜೇ ಬೇಡವೆಂದು ಬೇಲಿಗೆ ನೇರವಾಗಿ ಕರೆಂಟು ಕೊಡುವವರಿದ್ದಾರೆ. ಕೋವಿ ಹಿಡಿದವನಿಗೆ ಕಡೇ ಗಳಿಗೆಯಲ್ಲಿ ಬೆರಳು ಹಿಂತೆಗೆಯುವ ಅವಕಾಶವಾದರೂ ಇರುತ್ತದೆ. ಆ ತಂತಿಗೆ ಕಳ್ಳನೂ, ದಾರಿ ತಪ್ಪಿದ ಕರುವೂ, ಪಕ್ಕದ ಮನೆಯ ಹುಡುಗನೂ ಒಂದೇ; ಹಾಗೆ ಸತ್ತವರ ವಿಷಯದಲ್ಲಿ ಆತ್ಮರಕ್ಷಣೆಯ ವಾದ ನಿಲ್ಲುವುದು ಬಹಳ ಕಷ್ಟ.