ಪ್ಯಾಂಡೋರಾ ನೋಡಿ ಬಂದ ಮೇಲೆ ದಾವಣಗೆರೆ ಬೇಡವಾದ ಹುಡುಗ

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಒಬ್ಬ ಹುಡುಗನ ಕಥೆ ಇದು, ಬರೆಯೋಕೆ ಅವನ ಒಪ್ಪಿಗೆ ಇದೆ, ಮನೆಯವರದ್ದೂ ಇದೆ. ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ, ಹೆಸರಂತೂ ಹಾಕಲ್ಲ. ವಯಸ್ಸು ಇಪ್ಪತ್ನಾಲ್ಕರ ಆಸುಪಾಸು, ಬಿಇ ಮುಗಿದಿದೆ, ಬೆಂಗಳೂರಲ್ಲಿ ಕೆಲಸ ಹುಡುಕಿ ಸರಿಯಾದ್ದು ಸಿಗದೆ ವಾಪಸ್ ಬಂದಿದ್ದ. ಅಪ್ಪನದ್ದು ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ, ಅಲ್ಲಿ ಬಿಲ್ ಬರ್ಕೊಂಡು ಕೂತಿರ್ತಿದ್ದ.

ಕರ್ಕೊಂಡು ಬಂದಿದ್ದು ತಾಯಿ. ಕೂರೋಕ್ ಮುಂಚೆನೇ ಶುರು ಮಾಡಿದ್ರು, "ರಾತ್ರಿಯೆಲ್ಲ ಅದೊಂದೇ ಪಿಚ್ಚರ್ ನೋಡ್ತಾನ್ರಿ ಮೇಡಂ, ನೀಲಿ ಮನುಷ್ಯಾರ್ದು. ಅಂಗಡಿಯಿಂದ ಗೋಣಿಚೀಲ ತಂದು ಕಿಟಕಿಗೆ ಮೊಳೆ ಹೊಡ್ದಾನೆ, ಬೆಳಕು ಬರಬಾರ್ದಂತೆ. ಊಟಕ್ಕೆ ಕರೆದ್ರೆ ತಟ್ಟೆ ತಗೊಂಡು ರೂಮಿಗೆ ಹೋಗ್ತಾನೆ. ಏನಾಗೈತಪ್ಪ ಅಂದ್ರೆ ಈ ಊರಾಗೇನೈತವ್ವ ಅಂತಾನೆ." ಹುಡುಗ ತಲೆ ತಗ್ಗಿಸ್ಕೊಂಡು ಕೂತಿದ್ದ. ತಾಯಿಗೆ ಸ್ವಲ್ಪ ಹೊತ್ತು ಆಚೆ ಕೂತಿರಿ ಅಮ್ಮ ಅಂದೆ.

ಒಬ್ನೇ ಆದ್ಮೇಲೆ ಅವನು ಹೇಳಿದ ಮೊದಲ ಮಾತು, "ಮನೇಲಿ ಎಲ್ರೂ ಕಾರ್ಟೂನ್ ನೋಡಿ ಅಳ್ತಾನೆ ಅಂತಾರೆ ಮೇಡಂ, ನೀವೂ ಹಂಗೇ ಅಂದ್ರೆ ನಾನು ಎದ್ದು ಹೋಗ್ತೀನಿ." ನಾನು ಹಂಗನ್ನಲಿಲ್ಲ, ಅನ್ನೋ ಕಾರಣವೂ ಇರಲಿಲ್ಲ, ಯಾಕಂದ್ರೆ ಎದುರಿಗೆ ಕಾಣ್ತಿದ್ದ ಸಂಕಟ ನಿಜವಾದ್ದೇ.

ಸಿನಿಮಾ ಯಾವುದು ಅಂತ ನಿಮಗೆ ಗೊತ್ತಾಗಿರುತ್ತೆ, ಜೇಮ್ಸ್ ಕ್ಯಾಮೆರಾನ್ ಅವರ ಅವತಾರ್, ಅದರಲ್ಲಿ ನೀಲಿ ಮೈಯವರು ಇರೋ ಕಲ್ಪನೆಯ ಲೋಕದ ಹೆಸರು ಪ್ಯಾಂಡೋರಾ. 2022ರ ಡಿಸೆಂಬರಲ್ಲಿ ಎರಡನೇ ಭಾಗ ಬಂದಾಗ ಬೆಂಗಳೂರಲ್ಲಿ ಫ್ರೆಂಡ್ಸ್ ಜೊತೆ ತ್ರೀಡಿಯಲ್ಲಿ ನೋಡಿದ್ನಂತೆ, ಮೂರು ಗಂಟೆ ಹತ್ತು ನಿಮಿಷದ ಮೇಲೆ ಇದೆ ಅದು. ಮುಗಿದ ಮೇಲೆ ಎಲ್ರೂ ಬಿರಿಯಾನಿ ತಿನ್ನೋಕೆ ಹೋದ್ರು, ಇವನಿಗೆ ಮಾತಾಡೋಕೇ ಆಗಲಿಲ್ಲ. ಆಮೇಲೆ 2009ರ ಮೊದಲನೇ ಭಾಗ ಹುಡುಕಿ ನೋಡಿದ, ಅದೇ ಹಿಡಿದುಬಿಡ್ತು. ಕೆಲಸ ಸಿಗದೆ ಊರಿಗೆ ಬಂದ ಮೇಲೆ ದಿನಾ ರಾತ್ರಿ ಲ್ಯಾಪ್‌ಟಾಪು, ಹೆಡ್‌ಫೋನು, ಕತ್ತಲೆ. ಬೆಳಿಗ್ಗೆ ಎದ್ದು ಪಿ.ಬಿ. ರೋಡಿಗೆ ಬಂದ್ರೆ ಲಾರಿ, ಹೊಗೆ, ಬಿಸಿಲು, ಯಾರ್ಡಿಗೆ ಹೋದ್ರೆ ಜೋಳದ ಧೂಳು. "ಬಣ್ಣನೇ ಇಲ್ಲ ಮೇಡಂ ಇಲ್ಲಿ, ಎಲ್ಲ ತೊಳೆದಂಗೆ ಕಾಣುತ್ತೆ" ಅಂದ.

ಇವನೊಬ್ನಿಗೇ ಹಿಂಗಾಗಿದ್ದಲ್ಲ. ಮೊದಲನೇ ಭಾಗ ಬಂದ ಒಂದು ತಿಂಗಳೊಳಗೆ, 2010ರ ಜನವರಿಯಲ್ಲೇ, ಸಿಎನ್‌ಎನ್ ಈ ಬಗ್ಗೆ ವರದಿ ಮಾಡಿತ್ತು, ಪ್ಯಾಂಡೋರಾ ನಿಜ ಅಲ್ಲವಲ್ಲ ಅಂತ ಬೇಜಾರಲ್ಲಿ ಮುಳುಗಿದವರು, ಎದ್ದರೆ ಲೋಕ ಬೂದುಬಣ್ಣ ಅನ್ನಿಸುತ್ತೆ ಅಂದವರು, ಸಾಯೋ ಯೋಚನೆ ಬಂತು ಅಂದವರೂ ಅದರಲ್ಲಿದ್ರು. ಇದನ್ನ ಹುಡುಗನಿಗೆ ಹೇಳಿದಾಗ ಅವನ ಭುಜ ಸ್ವಲ್ಪ ಇಳೀತು, ನನಗೊಬ್ನಿಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದ ಪಾಪ. ಮನೋವೈದ್ಯರು ಬಳಸೋ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಅಂತ ಬೇರೆ ಹೆಸರಿಲ್ಲ. ಹಂಗಂತ ಬಿಟ್ಟುಬಿಡೋ ಹಂಗೂ ಇಲ್ಲ, ಯಾಕಂದ್ರೆ ಇದರ ಕೆಳಗೆ ಖಿನ್ನತೆ ಇದ್ದರೂ ಇರಬಹುದು, ಸಿನಿಮಾ ಅದಕ್ಕೊಂದು ಮುಖ ಕೊಟ್ಟಿರಬಹುದು ಅಷ್ಟೆ.

ಅದಕ್ಕೇ ಮೊದಲು ಕೇಳಬೇಕಾದ್ದನ್ನ ಕೇಳಿದೆ. ನಿದ್ದೆ, ಹಸಿವು, ಏಕಾಗ್ರತೆ, ಎರಡು ವಾರಕ್ಕಿಂತ ಹೆಚ್ಚು ದಿನದ ಬಹುಪಾಲು ಹೊತ್ತು ಮಂಕು ಇದೆಯಾ, ಯಾವುದರಲ್ಲಾದ್ರೂ ಖುಷಿ ಸಿಗ್ತಿದೆಯಾ. ಸಾಯಬೇಕು ಅನ್ಸಿದೆಯಾ ಅಂತ ನೇರವಾಗೇ ಕೇಳಿದೆ. ತುಂಬ ಜನ ಈ ಪ್ರಶ್ನೆ ಕೇಳೋಕೆ ಹೆದರ್ತಾರೆ, ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗುತ್ತೆ ಅಂತ, ಹಂಗೇನೂ ಆಗಲ್ಲ, ಕೇಳಿದ್ರೆ ಎದುರಿಗಿದ್ದವರಿಗೆ ಹಗುರ ಆಗೋದೇ ಹೆಚ್ಚು. ಅವನು ಸ್ವಲ್ಪ ಹೊತ್ತು ಸುಮ್ನಿದ್ದು "ಸತ್ತು ಅಲ್ಲಿ ಹುಟ್ಟಿದ್ರೆ ಚೆನ್ನಾಗಿರ್ತಿತ್ತು ಅಂತ ಒಂದೆರಡು ಸಲ ಅನ್ಸಿದೆ, ಮಾಡ್ಕೋಬೇಕು ಅಂತ ಅಲ್ಲ" ಅಂದ. ತಯಾರಿ ಏನೂ ಇರಲಿಲ್ಲ, ಆದ್ರೂ ಅಷ್ಟು ಮಾತು ಸಾಕು ನನಗೆ, ಅದೇ ವಾರ ಮನೋವೈದ್ಯರ ಹತ್ರ ಕಳಿಸಿದೆ. ಅವರು ನೋಡಿ ಸದ್ಯಕ್ಕೆ ಮಾತ್ರೆ ಬೇಡ, ಕೌನ್ಸೆಲಿಂಗ್ ನಡೀಲಿ, ಹೆಚ್ಚಾದ್ರೆ ತಕ್ಷಣ ಬನ್ನಿ ಅಂದ್ರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವನ ಫೋನಲ್ಲೂ ತಾಯಿ ಫೋನಲ್ಲೂ ಸೇವ್ ಮಾಡಿಸಿದೆ.

ಇನ್ನು ಸಿನಿಮಾ ಹಿಂಗ್ಯಾಕೆ ಮಾಡುತ್ತೆ ಅನ್ನೋದು. ಕಥೆಯೊಳಗೆ ಪೂರ್ತಿ ಹೊಕ್ಕಿಬಿಡೋದನ್ನ ಮನಶ್ಶಾಸ್ತ್ರದವರು ಚೆನ್ನಾಗೇ ಓದಿದಾರೆ, 2000ದಲ್ಲಿ ಮೆಲನಿ ಗ್ರೀನ್ ಮತ್ತೆ ತಿಮೋತಿ ಬ್ರಾಕ್ ಅನ್ನೋರು ಇದನ್ನ ಅಳೆಯೋ ಪ್ರಶ್ನಾವಳಿನೇ ಮಾಡಿದ್ರು. ಗಮನ, ಕಲ್ಪನೆ, ಭಾವನೆ ಮೂರೂ ಒಂದೇ ಕಡೆ ಹೋದಾಗ ಸುತ್ತ ಇರೋ ಜಗತ್ತು ಮರೆಯುತ್ತೆ, ವಾಪಸ್ ಬರುವಾಗ ಮನಸ್ಸು ಒಂದಿಷ್ಟು ಅಲ್ಲೇ ಉಳಿಯುತ್ತೆ. ಇನ್ನೊಂದು, ಹೋಲಿಕೆ. 1980ರಲ್ಲಿ ಕೆನ್ರಿಕ್ ಮತ್ತೆ ಗುಟಿಯೆರಸ್ ಅಂತ ಇಬ್ರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ಚೆಂದದ ನಟಿಯರಿರೋ ಟಿವಿ ಸೀರಿಯಲ್ ನೋಡ್ತಿದ್ದ ಕಾಲೇಜು ಹುಡುಗರಿಗೆ ಒಬ್ಬ ಸಾಮಾನ್ಯ ಹುಡುಗಿ ಫೋಟೋ ತೋರಿಸಿ ಅಂಕ ಕೊಡಿ ಅಂದ್ರೆ, ಸೀರಿಯಲ್ ನೋಡದೆ ಇದ್ದವರಿಗಿಂತ ಕಡಿಮೆ ಕೊಟ್ರು. ಹೋಳಿಗೆ ತಿಂದ ಬಾಯಿಗೆ ಟೀ ಸಪ್ಪೆ ಅನ್ಸುತ್ತಲ್ಲ ಹಂಗೆ, ಟೀಯಲ್ಲಿ ಸಕ್ಕರೆ ಏನೂ ಕಮ್ಮಿ ಆಗಿರಲ್ಲ. ಇವನು ದಿನಾ ರಾತ್ರಿ ಗಂಟೆಗಟ್ಟಲೆ ಪ್ಯಾಂಡೋರಾದಲ್ಲಿದ್ದು ಬೆಳಿಗ್ಗೆ ಎದ್ದ ತಕ್ಷಣ ಊರಿಗೆ ಅಂಕ ಹಾಕ್ತಿದ್ದ.

ಇಷ್ಟು ಹೇಳಿದ್ರೆ ಅವನಿಗೆ ಅರ್ಥ ಆಯ್ತು, ಆದ್ರೆ ಏನೂ ಬದಲಾಗಲಿಲ್ಲ. ಬದಲಾಗಿದ್ದು ಇನ್ನೊಂದು ಪ್ರಶ್ನೆಯಿಂದ. ದಿನಾ ಪೂರ್ತಿ ನೋಡ್ತೀಯಾ, ಇಲ್ಲ ಯಾವುದಾದ್ರೂ ಸೀನ್ ಹಿಂದೆ ಹಾಕಿ ಹಾಕಿ ನೋಡ್ತೀಯಾ ಅಂತ ಕೇಳಿದೆ.

ನಾನು ಅಂದ್ಕೊಂಡಿದ್ದು ಗಾಳಿಯಲ್ಲಿ ತೇಲೋ ಬೆಟ್ಟಗಳು, ರಾತ್ರಿ ಮಿನುಗೋ ಕಾಡು ಅಂತ. ಅವನು ಹೇಳಿದ್ದು ಬೇರೆ. ಗಾಲಿಕುರ್ಚಿಯಲ್ಲಿದ್ದ ಕಥಾನಾಯಕ ಜೇಕ್, ಪ್ಯಾಂಡೋರಾದವರ ಥರ ಮಾಡಿದ ಒಂದು ನೀಲಿ ದೇಹದೊಳಗೆ ಮನಸ್ಸು ಹೊಕ್ಕಿಸಿಕೊಂಡು ಮೊದಲನೇ ಸಲ ಎದ್ದು ಹೊರಗೆ ಓಡಿ ಮಣ್ಣಲ್ಲಿ ಕಾಲ್ಬೆರಳು ಊರೋದು. ಅಲ್ಲಿನ ಕುಲದ ಹುಡುಗಿ ನೇತಿರಿ ಅವನಿಗೆ ಬೈದು ಬೈದು ಕುದುರೆ ಹತ್ತೋದು, ಬಿಲ್ಲು ಹಿಡಿಯೋದು ಕಲಿಸೋದು. ಆಮೇಲೆ ಆ ಕುಲದವರು ಅವನನ್ನ ತಮ್ಮವನು ಅಂತ ಒಪ್ಕೊಂಡು ಒಬ್ಬರ ಮೇಲೊಬ್ಬರು ಕೈ ಇಟ್ಟು ನಿಲ್ಲೋ ಸೀನ್. "ಅಲ್ಲಿಗೆ ಆಫ್ ಮಾಡ್ತೀನಿ ಮೇಡಂ" ಅಂದ.

ಅಲ್ಲಿಗೇ ಯಾಕೆ ಅಂದೆ. ಮುಂದೆ ಬುಲ್ಡೋಜರ್ ಬರುತ್ತೆ, ಅವರು ವಾಸ ಮಾಡೋ ಆ ದೊಡ್ಡ ಮರನೇ ಬೀಳಿಸ್ತಾರೆ, ನಂಬಿದವರೇ ಜೇಕನ್ನ ದ್ರೋಹಿ ಅಂತ ಕಟ್ಟಿ ಹಾಕ್ತಾರೆ. ಅದನ್ನ ಅವನು ಒಂದೇ ಒಂದು ಸಲ ನೋಡಿದ್ದ, ಆಮೇಲೆ ನೋಡೇ ಇಲ್ಲ. ಎರಡನೇ ಭಾಗದಲ್ಲಿ ಮನೆಯ ದೊಡ್ಡ ಮಗ ಸಾಯ್ತಾನೆ, ಅದನ್ನೂ ಮತ್ತೆ ನೋಡಿರಲಿಲ್ಲ. ಅಂದ್ರೆ ಇವನು ಆಸೆ ಪಡ್ತಿದ್ದ ಲೋಕ ಕ್ಯಾಮೆರಾನ್ ಮಾಡಿದ್ದೂ ಅಲ್ಲ, ಇವನೇ ಕತ್ತರಿಸಿ ಇಟ್ಕೊಂಡಿದ್ದು. ದಾವಣಗೆರೆಯನ್ನ ಮಾತ್ರ ಕತ್ತರಿಸದೆ ಪೂರ್ತಿ ನೋಡ್ತಿದ್ದ, ಧೂಳು ಸಮೇತ. ಈ ಎರಡನ್ನ ಎದುರುಬದುರು ಇಟ್ಟು ತೂಗಿದ್ರೆ ಯಾವ ಊರು ತಾನೇ ಗೆಲ್ಲುತ್ತೆ ಹೇಳಿ.

ಇನ್ನೊಂದು ಮಾತೂ ಅವತ್ತೇ ಬಂತು. ಜೇಕ್‌ಗೆ ಕಲಿಯೋಕೆ ಕಥೆಯಲ್ಲಿ ಮೂರು ತಿಂಗಳು ಸಿಗುತ್ತೆ, ನಮಗೆ ಅದನ್ನ ಕೆಲವೇ ನಿಮಿಷದಲ್ಲಿ ತೋರಿಸಿಬಿಡ್ತಾರೆ, ಬಿದ್ದಿದ್ದು ಎದ್ದಿದ್ದು ಎಲ್ಲ ಒಂದು ಹಾಡಿನಷ್ಟು ಹೊತ್ತಲ್ಲಿ. ನಿನಗೆ ಯಾರು ಏನು ಕಲಿಸ್ತಿದಾರೆ ಈಗ ಅಂತ ಕೇಳಿದೆ. "ಯಾರೂ ಇಲ್ಲ. ಫ್ರೆಂಡ್ಸೆಲ್ಲ ಬೆಂಗಳೂರಲ್ಲಿದಾರೆ. ಅಪ್ಪ ಬಿಲ್ ಬರಿ ಸಾಕು ಅಂತಾರೆ. ಹಮಾಲರು ನನ್ನ ಸಾರ್ ಅಂತಾರೆ, ನಾನು ಬಂದ್ರೆ ಮಾತು ನಿಲ್ಲಿಸ್ತಾರೆ." ಇದನ್ನ ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು, ಪ್ಯಾಂಡೋರಾ ಬಗ್ಗೆ ಮಾತಾಡುವಾಗ ಬಂದಿರಲಿಲ್ಲ.

ಅಪ್ಪನ್ನ ಕರೆಸಿದೆ. ಸಿಟ್ಟಿನ ಮನುಷ್ಯ ಇರಬಹುದು ಅಂತ ನನಗಿತ್ತು, ಹಂಗಿರಲಿಲ್ಲ. ಯಾಕೆ ವ್ಯಾಪಾರ ಕಲಿಸಲಿಲ್ಲ ಅಂತ ಕೇಳಿದ್ದಕ್ಕೆ "ಓದ್ದೋನು ಮೇಡಂ, ಧೂಳಾಗೆ ಯಾಕ್ ನಿಲ್ಲಿಸ್ಲಿ, ನನ್ ಎದೀನೇ ಹಾಳಾಗೈತಿ. ಇವತ್ತಲ್ಲ ನಾಳೆ ಹೋಗೋ ಹುಡ್ಗ, ಸುಮ್ನೆ ನೆರಳಾಗೆ ಕೂತ್ಕಳ್ಳಿ ಅಂತ" ಅಂದ್ರು. ಹುಡುಗ ಮೊದಲನೇ ಸಲ ತಲೆ ಎತ್ತಿ ಅಪ್ಪನ ಮುಖ ನೋಡಿದ. ಅಪ್ಪ ಪ್ರೀತಿಯಿಂದ ದೂರ ಇಟ್ಟಿದ್ದನ್ನ ಮಗ ನನ್ನ ಕೈಲಿ ಆಗಲ್ಲ ಅಂತ ಬಿಟ್ಟಿದಾರೆ ಅಂದ್ಕೊಂಡಿದ್ದ, ಇಬ್ರೂ ಒಂದೇ ಮನೇಲಿ ಇದ್ದುಕೊಂಡು.

ಸಲಹೆ ಅಂತ ಕೊಟ್ಟಿದ್ದನ್ನ ಹೇಳ್ತೀನಿ. ಸಿನಿಮಾ ಬಿಡು ಅನ್ನಲಿಲ್ಲ. ಬಿಡು ಅಂದ್ರೆ ಕಳ್ಳತನದಲ್ಲಿ ನೋಡ್ತಾನೆ, ಜೊತೆಗೆ ಇರೋ ಒಂದೇ ಆಸರೆ ಕಿತ್ಕೊಂಡಂಗೆ ಆಗುತ್ತೆ. ನೋಡು, ಆದ್ರೆ ಮಲಗೋ ಹೊತ್ತಲ್ಲಿ ಹಾಸಿಗೆಯಲ್ಲಿ ಬೇಡ, ಅರ್ಧಕ್ಕೆ ನಿಲ್ಲಿಸೋದು ಬೇಡ, ಹಾಕಿದ್ರೆ ಮರ ಬೀಳೋವರೆಗೂ, ಮುಗಿಯೋವರೆಗೂ ನೋಡು, ಸಾಧ್ಯ ಆದಷ್ಟು ಒಬ್ನೇ ನೋಡಬೇಡ. ಮುಗಿದ ಮೇಲೆ ರೂಮಲ್ಲಿ ಕೂರದೆ ಯಾರ ಜೊತೆಗಾದ್ರೂ ಹೊರಗೆ ಹೋಗು, ಏನಾದ್ರೂ ತಿನ್ನು, ನೋಡಿದ್ದರ ಬಗ್ಗೆ ಮಾತಾಡು. ಆ ರಾತ್ರಿ ಮತ್ತೆ ಮಾರನೇ ಬೆಳಿಗ್ಗೆ ನಿನ್ನ ಬದುಕಿನ ಬಗ್ಗೆ ಯಾವ ತೀರ್ಮಾನನೂ ತಗೋಬೇಡ. ಗೋಣಿಚೀಲ ಬಿಚ್ಚು, ಬೆಳಗಿನ ಬೆಳಕು ಕಣ್ಣಿಗೆ ಬಿದ್ರೆ ನಿದ್ದೆ ಸರಿಹೋಗೋಕೆ ಸಹಾಯ ಆಗುತ್ತೆ.

ಇಲ್ಲಿ ಒಂದು ಮಾತು ಸೇರಿಸ್ಬೇಕು ಅನ್ಸುತ್ತೆ. ನಮ್ಮ ಕಡೆ ದೊಡ್ಡಾಟ ಬಯಲಾಟ ಬೆಳಗಿನ ಜಾವದವರೆಗೂ ನಡೀತಿತ್ತು, ದೇವತೆ, ರಾಕ್ಷಸರು, ಕಿರೀಟ, ಅಬ್ಬರ, ಅದೇನು ಕಮ್ಮಿ ಲೋಕನಾ. ಆದ್ರೆ ಊರೆಲ್ಲ ಒಟ್ಟಿಗೆ ಕೂತು ನೋಡ್ತಿದ್ರು, ಭೀಮನ ಪಾತ್ರ ಮಾಡಿದವನು ಮಾರನೇ ದಿನ ಬಣ್ಣ ತೊಳೆದು ಹೊಲಕ್ಕೆ ಹೋಗೋದನ್ನೂ ನೋಡ್ತಿದ್ರು. ಹೆಡ್‌ಫೋನ್ ಹಾಕ್ಕೊಂಡು ಕತ್ತಲೆಯಲ್ಲಿ ಒಬ್ನೇ ನೋಡಿದವನಿಗೆ ಆ ಲೋಕದಿಂದ ಈಚೆಗೆ ಬರೋಕೆ ಜೊತೆ ಯಾರೂ ಇರಲ್ಲ.

ಅಪ್ಪನಿಗೆ ಹೇಳಿದ್ದು ಒಂದೇ, ಬೆಳಗಿನ ಹೊತ್ತು ಒಂದು ಗಂಟೆ ಮಗನನ್ನ ರಾಶಿ ಹತ್ರ ನಿಲ್ಲಿಸ್ಕೊಳ್ಳಿ, ಮಾಸ್ಕ್ ಹಾಕಿಸಿ, ನೀವೂ ಹಾಕ್ಕೊಳ್ಳಿ, ಗೊತ್ತಿರೋದನ್ನ ಕಲಿಸಿ. ಅವರು ಕಲಿಸಿದ್ದು ತೇವಾಂಶದಿಂದ. ಕಾಳು ಬಾಯಿಗೆ ಹಾಕಿ ದವಡೆಯಲ್ಲಿ ಕಡಿಯೋದು, ಕಟ್ ಅಂತ ಸೀಳಿದ್ರೆ ಒಣಗಿದೆ, ಹಲ್ಲಿಗೆ ಮೆತ್ತಗೆ ಒತ್ತಿದ್ರೆ ನೀರಿದೆ. 14 ಪರ್ಸೆಂಟ್ ದಾಟಿದ್ರೆ ರೇಟ್ ಇಳಿಯುತ್ತೆ, ಇಟ್ಟರೆ ಬೂಸ್ಟು ಹಿಡಿಯುತ್ತೆ. ಅಪ್ಪ ಕಡಿದು ನಂಬರ್ ಹೇಳ್ತಾರೆ, ಆಮೇಲೆ ಮೀಟರ್‌ಗೆ ಹಾಕಿದ್ರೆ ಹೆಚ್ಚು ಕಡಿಮೆ ಅದೇ ಬರುತ್ತೆ. ಹುಡುಗ ಶುರುವಲ್ಲಿ ಎಲ್ಲ ತಪ್ಪು ಹೇಳ್ತಿದ್ದ, ಹಮಾಲರು ನಗ್ತಿದ್ರು, ಆ ನಗುವಿಂದಾನೇ ಮಾತು ಶುರುವಾಗಿದ್ದು. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಮನಸ್ಸು ಬರಲ್ಲ, ಮಾಡ್ತಾ ಮಾಡ್ತಾ ಹಿಂದಿನಿಂದ ಬರುತ್ತೆ, ಖಿನ್ನತೆಯ ಚಿಕಿತ್ಸೆಯಲ್ಲೂ ಇದು ಚೆನ್ನಾಗಿ ಪರೀಕ್ಷೆ ಆದ ದಾರಿ.

ಕಾಡಿನ ಆಸೆಯೂ ಅವನಲ್ಲಿ ನಿಜವಾಗೇ ಇತ್ತು, ಅದನ್ನ ಬಿಡೋ ಹಂಗಿರಲಿಲ್ಲ. ಜಗಳೂರು ತಾಲ್ಲೂಕಲ್ಲಿ ರಂಗಯ್ಯನದುರ್ಗ ಅಂತ ಇದೆ, ಕೊಂಡುಕುರಿ ಅನ್ನೋ ಒಂದು ಜಾತಿ ಹುಲ್ಲೆಗಾಗಿ 2011ರಲ್ಲಿ ಅಭಯಾರಣ್ಯ ಆಗಿದ್ದು. ಕೊಂಡುಕುರಿ ಗಂಡಿಗೆ ನಾಲ್ಕು ಕೊಂಬು, ಕಾಡುಪ್ರಾಣಿಗಳಲ್ಲಿ ಅಂಥದ್ದು ಬೇರೆ ಇಲ್ಲ, ಯಾರೋ ಕಲ್ಪನೆ ಮಾಡಿದ್ದು ಅಂದ್ರೂ ನಂಬಬಹುದು. ತಂದೆಯ ತಮ್ಮನ ಮಗನ ಜೊತೆ, ಅನುಮತಿ ತಗೊಂಡು ಹೋಗಿ ಬಾ ಅಂದೆ, ಏನೂ ಕಾಣದೇ ಇರಬಹುದು ಅಂತಲೂ ಮೊದಲೇ ಹೇಳಿದ್ದೆ. ಬಂದವನು ಸಿಟ್ಟಲ್ಲಿದ್ದ. "ಕುರುಚಲು ಗಿಡ, ಮುಳ್ಳು, ಬಿಸಿಲು. ಒಂದು ನವಿಲು ಕಂಡಿದ್ದಷ್ಟೇ ಮೇಡಂ." ಸಮಾಧಾನ ಮಾಡೋಕೆ ಹೋಗಲಿಲ್ಲ ನಾನು. ಕಾಡು ಅಂದ್ರೆ ಹೆಚ್ಚು ಹೊತ್ತು ಅದೇ, ಸಿನಿಮಾದವರು ಆ ಹೊತ್ತನ್ನ ಕತ್ತರಿಸಿ ಬಿಸಾಕಿರ್ತಾರೆ ಅಂದೆ. ಅರಣ್ಯದ ವಾಚರ್ ಏನಾದ್ರೂ ತೋರಿಸಿದ್ರಾ ಅಂದಾಗ ಕೊಂಡುಕುರಿ ಹಿಕ್ಕೆ ರಾಶಿ ತೋರಿಸಿದ್ರು, ಅದು ಪದೇಪದೇ ಅದೇ ಜಾಗಕ್ಕೆ ಬಂದು ಹಾಕುತ್ತಂತೆ ಅಂತ ಹೇಳೋಕೆ ಶುರು ಮಾಡಿದ, ಬೇಜಾರು ಮರೆತು ತುಂಬ ಹೊತ್ತು ಹೇಳಿದ. ಮಳೆ ಬಂದ ಮೇಲೆ ತಾನಾಗೇ ಇನ್ನೊಂದು ಸಲ ಹೋದ.

2025ರ ಡಿಸೆಂಬರಲ್ಲಿ ಮೂರನೇ ಭಾಗ ಬಂದಾಗ ತಾಯಿ ಗಾಬರಿಯಲ್ಲಿ ಫೋನ್ ಮಾಡಿದ್ರು, ಹೋಗ್ತೀನಿ ಅಂತಾನೆ ಏನ್ಮಾಡ್ಲಿ ಅಂತ. ಹೋಗಲಿ ಅಮ್ಮ, ಯಾರ ಜೊತೆ ಹೋಗ್ತಾನೆ ಕೇಳಿ ಅಂದೆ. ತಮ್ಮನ್ನೂ ಅಂಗಡಿಯ ಹಮಾಲರೊಬ್ಬರ ಮಗನ್ನೂ ಕರ್ಕೊಂಡು ಹೋಗಿದ್ದ. ಅವತ್ತು ರಾತ್ರಿ ಮಂಕಾಗಿದ್ದ, ಮಾರನೇ ದಿನವೂ ಸ್ವಲ್ಪ ಇತ್ತಂತೆ, ಆದ್ರೆ ಎದ್ದು ಯಾರ್ಡಿಗೆ ಹೋಗಿದ್ದ. ಈಗಲೂ ಕೆಲವು ರಾತ್ರಿ ನೋಡ್ತಾನೆ, ಬೆಂಗಳೂರಿಗೆ ಹೋಗೋ ಆಸೆಯೂ ಬಿಟ್ಟಿಲ್ಲ, ಬಿಡಬೇಕು ಅಂತ ನಾನೂ ಹೇಳಿಲ್ಲ, ಅರ್ಜಿ ಹಾಕ್ತಿದಾನೆ.

ನಿಮ್ಮ ಮನೇಲಿ ಹಿಂಗೆ ಯಾರಾದ್ರೂ ಇದ್ರೆ ದಯವಿಟ್ಟು ಆಡ್ಕೋಬೇಡಿ, ಯಾವ ಸೀನ್ ನಿಂಗೆ ಇಷ್ಟ ಅಂತ ಪಕ್ಕದಲ್ಲಿ ಕೂತು ಕೇಳಿ. ಎರಡು ವಾರದ ಮೇಲೆ ನಿದ್ದೆ ಊಟ ಕೆಟ್ಟಿದ್ರೆ, ಜನರಿಂದ ಪೂರ್ತಿ ದೂರ ಆಗಿದ್ರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರ್ಕೊಂಡು ಹೋಗಿ. ಸಾಯೋ ಮಾತು ಬಂದ್ರೆ ಒಂದು ದಿನವೂ ಕಾಯಬೇಡಿ, ಒಬ್ರನ್ನೇ ಬಿಡಬೇಡಿ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ.